ಬೆಳಕೇ ತೆರೆಯುವ ಬಾಗಿಲು

ಮನೆಯಲ್ಲಿ ದೀಪ ಆರಿದ ರಾತ್ರಿ ಮಕ್ಕಳು ಎರಡು ಟಾರ್ಚುಗಳನ್ನು ಹಿಡಿದು ಆಡುವುದನ್ನು ವಾಚಕರು ನೋಡಿರಬಹುದು. ಒಂದರ ಬೆಳಕು ಇನ್ನೊಂದನ್ನು ಅಡ್ಡ ಹಾಯ್ದು ಹೋಗುತ್ತದೆ. ನೀರಿನ ಧಾರೆಗಳಾದರೆ ಒಂದಕ್ಕೊಂದು ಬಡಿದು ಚೆದರುತ್ತಿದ್ದವು. ಬೆಳಕಿನ ಧಾರೆಗಳು ಎದುರಿಗೆ ಯಾರೂ ಬರಲೇ ಇಲ್ಲವೆಂಬಂತೆ ತಮ್ಮ ಪಾಡಿಗೆ ತಾವು ಗೋಡೆಯನ್ನು ಸೇರುತ್ತವೆ. ಹೀಗಿರುವಾಗ ಒಂದು ಬೆಳಕಿನಿಂದ ಇನ್ನೊಂದನ್ನು ತಡೆಯುವುದು, ಬೇಕಾದಾಗ ಬಿಡುವುದು ಸಾಧ್ಯವೆ?

ಇದು ಬರಿಯ ಕುತೂಹಲದ ಪ್ರಶ್ನೆಯಲ್ಲ. ಮುಂಬಯಿಯಲ್ಲಿ ಕುಳಿತು ಊರಿನ ಅಜ್ಜಿಯ ಮುಖವನ್ನು ಫೋನಿನಲ್ಲಿ ನೋಡುವಾಗ, ಆ ಚಿತ್ರವು ದಾರಿಯ ಬಹುಭಾಗವನ್ನು ಗಾಜಿನ ಎಳೆಯೊಳಗೆ ಬೆಳಕಾಗಿಯೇ ಕ್ರಮಿಸುತ್ತದೆ. ಆದರೆ ದಾರಿ ಕವಲೊಡೆಯುವ ಕಡೆಗಳಲ್ಲಿ, ಯಾವ ಸಂದೇಶ ಯಾವ ಕಡೆಗೆಂದು ನಿರ್ಧರಿಸಲು, ಸಾಮಾನ್ಯವಾಗಿ ಅದನ್ನು ವಿದ್ಯುತ್ತಾಗಿ ಮಾರ್ಪಡಿಸಿ ಮತ್ತೆ ಬೆಳಕಾಗಿಸಿ ಕಳುಹಿಸಬೇಕು. ಮೀಟರ್ ಗೇಜಿನ ಕಾಲದಲ್ಲಿ ಹುಬ್ಬಳ್ಳಿಗೆ ಹೊರಟವರು ಮಿರಜದಲ್ಲಿ ಹಾಸಿಗೆ ಪೆಟ್ಟಿಗೆಗಳೊಡನೆ ಇಳಿದು ಗಾಡಿ ಬದಲಿಸುತ್ತಿದ್ದುದು ಹಿರಿಯರಿಗೆ ನೆನಪಿರಬೇಕು. ಹೆಚ್ಚುಕಡಿಮೆ ಅದೇ ಪಾಡು ಇದು. ಹೊತ್ತೂ ಹೋಗುತ್ತದೆ, ವಿದ್ಯುತ್ತೂ ಖರ್ಚಾಗುತ್ತದೆ, ಯಂತ್ರವೂ ಬಿಸಿಯೇರುತ್ತದೆ.

ಉಪಾಯವೇನೆಂದರೆ, ಎರಡು ಬೆಳಕುಗಳ ನಡುವೆ ಒಂದು ಪದಾರ್ಥವನ್ನು ಮಧ್ಯಸ್ಥನಾಗಿ ನಿಲ್ಲಿಸುವುದು. ವಿದ್ಯುತ್ತಿನ ಸೆಳೆತಕ್ಕೆ ಸಿಕ್ಕಿದ ಗಾಜು ತನ್ನ ಮೂಲಕ ಹಾಯುವ ಬೆಳಕಿನ ನಡಿಗೆಯನ್ನು ಬದಲಿಸುತ್ತದೆಂದು ಸ್ಕಾಟ್ಲೆಂಡಿನ ಜಾನ್ ಕೆರ್ 1875ರಲ್ಲಿಯೇ ಕಂಡುಕೊಂಡಿದ್ದರು. ಬೆಳಕೂ ವಿದ್ಯುತ್ಕಾಂತ ತರಂಗವೇ. ಹಾಗಾದರೆ ಸಾಕಷ್ಟು ಪ್ರಬಲವಾದ ಬೆಳಕು ತಾನೇ ಆ ಕೆಲಸ ಮಾಡಬಾರದೇಕೆ? ಅಂಥ ಬೆಳಕು ಕೈಗೆ ಬಂದದ್ದು 1960ರಲ್ಲಿ ಲೇಸರ್ ಹುಟ್ಟಿದ ಮೇಲೆ.

1969ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದ ಡ್ಯುಗೇ ಮತ್ತು ಹ್ಯಾನ್ಸನ್ ಇಂಥದೊಂದು ಬಾಗಿಲನ್ನು ಕಟ್ಟಿದರು. ಪೋಲರಾಯಿಡ್ ಕನ್ನಡಕದ ಗಾಜುಗಳೆರಡನ್ನು ಒಂದರ ಮುಂದೊಂದು ಅಡ್ಡ ತಿರುಗಿಸಿ ಹಿಡಿದರೆ ಆಚೆಯದು ಕಾಣಿಸುವುದಿಲ್ಲ. ಅಂಥ ಎರಡು ಫಲಕಗಳ ನಡುವೆ ಅವರು ಕಾರ್ಬನ್ ಡೈಸಲ್ಫೈಡ್ ಎಂಬ ದ್ರವವನ್ನಿಟ್ಟರು. ಅದರ ಅಣುಗಳು ಕಡ್ಡಿಯಂತೆ ನೀಳವಾದವು. ಲೇಸರಿನ ಬಲವಾದ ಮಿಡಿತವೊಂದು ಹಾಯ್ದಾಗ ಈ ಕಡ್ಡಿಗಳು ಅದರ ಸೆಳೆತದ ದಿಕ್ಕಿಗೆ ತುಸು ವಾಲುತ್ತವೆ. ಅಷ್ಟರಿಂದಲೇ ಎರಡನೆಯ ಬೆಳಕಿನ ಕಂಪನದ ರೀತಿ ಬದಲಾಗಿ, ಅದು ಆಚೆಯ ಫಲಕದಿಂದ ನುಸುಳುತ್ತದೆ. ಮಿಡಿತ ದಾಟಿದೊಡನೆ ಕಡ್ಡಿಗಳು ಮತ್ತೆ ಚೆಲ್ಲಾಪಿಲ್ಲಿ; ಬಾಗಿಲು ಮುಚ್ಚಿತು. ತೆರೆದಿದ್ದುದು ಸುಮಾರು 10 ಪಿಕೋಸೆಕೆಂಡು. ಒಂದು ಸೆಕೆಂಡನ್ನು ಲಕ್ಷ ಕೋಟಿ ಪಾಲು ಮಾಡಿದರೆ ಒಂದು ಪಾಲು ಪಿಕೋಸೆಕೆಂಡು. ಸೆಕೆಂಡಿಗೆ ಸುಮಾರು 3 ಲಕ್ಷ ಕಿಲೋಮೀಟರು ಓಡುವ ಬೆಳಕು ಈ ಬಾಗಿಲು ತೆರೆದಿರುವಷ್ಟು ಹೊತ್ತಿನಲ್ಲಿ 3 ಮಿಲಿಮೀಟರು ಮಾತ್ರ ಸಾಗುತ್ತದೆ!

ಈ ಬಾಗಿಲನ್ನು ಕ್ಯಾಮೆರಾದ ಮುಂದಿಟ್ಟು 1971ರಲ್ಲಿ ಡ್ಯುಗೇ ಮತ್ತು ಮ್ಯಾಟಿಕ್ ಮಾಡಿದ ಕೆಲಸ ನನಗೆ ಇಂದಿಗೂ ಬೆರಗು. ನೀರಿಗೆ ತುಸು ಹಾಲು ಬೆರೆಸಿ, ಅದರೊಳಗೆ ಹಸುರು ಬೆಳಕಿನ ಮಿಡಿತವೊಂದನ್ನು ಬಿಟ್ಟು, ಪಕ್ಕದಿಂದ ಚಿತ್ರ ತೆಗೆದರು. ಹಾಲಿನ ಕಣಗಳು ಬೆಳಕನ್ನು ಪಕ್ಕಕ್ಕೂ ಚೆದರಿಸುವುದರಿಂದ ಅದು ಕ್ಯಾಮೆರಾಕ್ಕೆ ಕಾಣಬೇಕಷ್ಟೆ. ಚಿತ್ರದಲ್ಲಿ ಆ ಮಿಡಿತ ನಡುದಾರಿಯಲ್ಲಿ ಸಿಕ್ಕಿಬಿದ್ದಿತ್ತು, ಹಾರುವ ಗುಂಡಿನಂತೆ. ಸರಿಯಾದ ಗಳಿಗೆಯಲ್ಲಿ ಬಾಗಿಲು ತೆರೆಯುವುದು ಹೇಗೆನ್ನುವಿರೊ? ತೆರೆಯುವ ಮಿಡಿತವೂ ಹಾಲಿನಲ್ಲಿ ಓಡುವ ಮಿಡಿತವೂ ಒಂದೇ ಲೇಸರಿನಿಂದ ಹುಟ್ಟಿದ ಒಡಹುಟ್ಟುಗಳು. ಒಂದರ ದಾರಿಯನ್ನು 2 ಮಿಲಿಮೀಟರು ಹೆಚ್ಚಿಸಿದರೆ ಅದು ಸುಮಾರು 7 ಪಿಕೋಸೆಕೆಂಡು ತಡವಾಗಿ ಬರುತ್ತದೆ. ಗಡಿಯಾರದ ಕೆಲಸವನ್ನು ಅಳತೆಗೋಲೇ ಮಾಡಿತು.

ಇಷ್ಟಾದರೂ ಬಾಗಿಲು ಪ್ರಯೋಗಾಲಯದಿಂದ ನಮ್ಮ ತಂತಿಜಾಲಕ್ಕೆ ಸುಲಭವಾಗಿ ಇಳಿದು ಬರಲಿಲ್ಲ. ತೆರೆಯುವ ಬೆಳಕು ಬಹಳ ಪ್ರಬಲವಾಗಿರಬೇಕಾದುದೇ ಮುಖ್ಯ ತೊಡಕು. ಮನೆಯ ಅಗಳಿ ತೆಗೆಯಲು ಆನೆಯನ್ನು ಕರೆದಂತೆ. ಜಪಾನಿನ ಎನ್‌ಟಿಟಿ ಸಂಸ್ಥೆಯವರೂ ಟೋಕಿಯೊ ತಂತ್ರವಿದ್ಯಾಸಂಸ್ಥೆಯವರೂ ಕೂಡಿ 2020ರಲ್ಲಿ ಪ್ರಕಟಿಸಿದ ಸಾಧನದಲ್ಲಿ ಆನೆ ಬಹಳ ಇಳಿದಿದೆ. ಲೋಹದ ಅತಿ ಕಿರಿದಾದ ಸಂದಿಯ ಮೇಲೆ ಗ್ರಾಫೀನ್ ಹೊದಿಸಿದ್ದಾರೆ. ಗ್ರಾಫೀನ್ ಬೆಳಕನ್ನು ಹೀರುತ್ತದೆ. ಆದರೆ ಒಂದು ಮಿಡಿತದಿಂದ ಅದರ ಹೊಟ್ಟೆ ತುಂಬಿದರೆ ಮುಂದಿನದನ್ನು ಬಿಟ್ಟುಕೊಡುತ್ತದೆ. ಕಾಲು ಪಿಕೋಸೆಕೆಂಡಿನಷ್ಟರಲ್ಲಿ, ಅತ್ಯಲ್ಪ ಶಕ್ತಿಯಿಂದ ಅದು ಕೆಲಸ ಮಾಡಿತು. ಆದರೆ ಲೋಹವೂ ದಾರಿಯಲ್ಲಿ ಬೆಳಕಿನ ಒಂದು ಪಾಲನ್ನು ನುಂಗಿಬಿಡುತ್ತದೆ.

ಬಾಗಿಲೊಂದೇ ಸಾಲದು ಎಂಬುದೂ ಉಂಟು. ಸಂದೇಶದ ವಿಳಾಸ ಓದುವವರೆಗೆ ಅದು ಕವಲಿನಲ್ಲಿ ಕಾಯಬೇಕಲ್ಲ? ಮಿರಜದಲ್ಲಾದರೆ ಬೆಂಚಿನ ಮೇಲೆ ಒರಗಬಹುದಾಗಿತ್ತು. ಬೆಳಕು ನಿಲ್ಲುವ ಪೈಕಿಯದಲ್ಲ. ಅದನ್ನು ಸೆಕೆಂಡಿನ ಹತ್ತು ಲಕ್ಷದ ಒಂದು ಪಾಲು ತಡೆದಿಡಬೇಕಾದರೂ ಸುಮಾರು 200 ಮೀಟರು ಗಾಜಿನ ಎಳೆಯನ್ನು ಸುರುಳಿ ಸುತ್ತಿ, ಅದರೊಳಗೆ ಓಡಿಸುತ್ತಲೇ ಇರಬೇಕು.