ಮಹಾಸಭೆಯಲ್ಲಿ ಉಳಿದುಕೊಂಡ ಹೆಸರು: ಬಿ.ಎಂ.ಡಬ್ಲ್ಯು. ಸಂಸ್ಥೆಯ ಏಳುಬೀಳು

ಉದ್ಯಮವೊಂದರ ಆಸ್ತಿ-ಜವಾಬ್ದಾರಿ ತಖ್ತೆಯಲ್ಲಿ ಕಟ್ಟಡ, ಯಂತ್ರೋಪಕರಣ, ದಾಸ್ತಾನು, ಬರಬೇಕಾದ ಬಾಕಿ ಇವೆಲ್ಲಕ್ಕೂ ಒಂದೊಂದು ಸಾಲು ಮೀಸಲಾಗಿರುತ್ತದೆ. ದಶಕಗಳ ದುಡಿಮೆಯಿಂದ ಸಂಪಾದಿಸಿದ ಹೆಸರಿಗೆ ಮಾತ್ರ ಸಾಮಾನ್ಯವಾಗಿ ಅಲ್ಲಿ ಸ್ಥಾನವಿರುವುದಿಲ್ಲ. ಸಂಸ್ಥೆಯನ್ನು ಮಾರಬೇಕಾದ ದಿನ ಬಂದಾಗಲೇ ಆ ಹೆಸರಿನ ಬೆಲೆಯೆಷ್ಟು ಎಂಬ ಪ್ರಶ್ನೆ ಏಳುತ್ತದೆ. ಜರ್ಮನಿಯ ಮ್ಯೂನಿಕ್ ನಗರದ ಬಿ.ಎಂ.ಡಬ್ಲ್ಯು. ಸಂಸ್ಥೆಗೆ ಅಂತಹ ದಿನ ಬಂದುದು 1959ರ ಡಿಸೆಂಬರ್ 9ರಂದು. ಸಂಸ್ಥೆಯನ್ನು ಪ್ರತಿಸ್ಪರ್ಧಿಯಾದ ಡೈಮ್ಲರ್-ಬೆಂಜ್ ಕಂಪನಿಯ ಹಿಡಿತಕ್ಕೆ ಒಪ್ಪಿಸುವ ಯೋಜನೆಯು ಅಂದು ಷೇರುದಾರರ ಮುಂದಿತ್ತು. ಸಂಜೆಯ ವೇಳೆಗೆ ಆ ಯೋಜನೆ ಬಿದ್ದುಹೋಯಿತು. ಅದನ್ನು ಬೀಳಿಸಿದವರಲ್ಲಿ ಮುಖ್ಯರಾದವರು ಕಾರು ಮಾರುವ ವರ್ತಕರು ಮತ್ತು ಸಣ್ಣ ಷೇರುದಾರರು. ಇಂದು ಐಷಾರಾಮಿ ಕಾರುಗಳ ಮಾತು ಬಂದಾಗಲೆಲ್ಲ ಮೊದಲ ಸಾಲಿನಲ್ಲಿ ಕೇಳಿಬರುವ ಈ ಹೆಸರಿನ ಹಿಂದಿನ ಚರಿತ್ರೆಯನ್ನು ವ್ಯಾಪಾರಿಗಳೂ ಸಣ್ಣ ಉತ್ಪಾದಕರೂ ಅರಿಯುವುದು ಉಪಯುಕ್ತವಾದೀತು.

ವಿಮಾನದ ಎಂಜಿನ್ನಿನಿಂದ ಆರಂಭ

ಬಾಯರಿಷ್ ಮೋಟೋರೆನ್ ವೆರ್ಕೆ, ಎಂದರೆ ಬವೇರಿಯದ ಮೋಟಾರು ಕಾರ್ಖಾನೆ ಎಂಬುದೇ ಬಿ.ಎಂ.ಡಬ್ಲ್ಯು. ಎಂಬ ಮೂರಕ್ಷರಗಳ ವಿಸ್ತರಣೆ. ಕಾರ್ಲ್ ರಾಪ್ ಎಂಬ ಎಂಜಿನಿಯರ್ ಸ್ಥಾಪಿಸಿದ್ದ ಎಂಜಿನ್ ಕಾರ್ಖಾನೆಯೊಂದು 1917ರಲ್ಲಿ ಈ ಹೆಸರನ್ನು ತಳೆಯಿತು. 1916ರಲ್ಲಿ ಸ್ಥಾಪಿತವಾಗಿದ್ದ ವಿಮಾನ ಕಾರ್ಖಾನೆಯೊಂದಕ್ಕೆ 1922ರಲ್ಲಿ ಈ ಹೆಸರೂ ಎಂಜಿನ್ ವ್ಯವಹಾರವೂ ವರ್ಗಾವಣೆಗೊಂಡುದರಿಂದ, ಸಂಸ್ಥೆಯು 1916ನ್ನೇ ತನ್ನ ಜನ್ಮವರ್ಷವೆಂದು ಗಣಿಸುತ್ತದೆ. ಅದರ ನೀಲಿ-ಬಿಳಿ ಲಾಂಛನವು ತಿರುಗುವ ವಿಮಾನಪಂಖವನ್ನು ಸೂಚಿಸುತ್ತದೆಂಬ ನಂಬಿಕೆ ವ್ಯಾಪಕವಾಗಿದೆ. ವಾಸ್ತವದಲ್ಲಿ ಅವು ಬವೇರಿಯ ಪ್ರಾಂತ್ಯದ ಬಣ್ಣಗಳು. 1929ರ ಜಾಹೀರಾತೊಂದರಲ್ಲಿ ಲಾಂಛನವನ್ನು ವಿಮಾನಪಂಖದೊಡನೆ ಬೆರೆಸಿ ಚಿತ್ರಿಸಿದ ಬಳಿಕ ಪಂಖದ ಕಥೆ ಬೇರೂರಿತು. ಉತ್ತಮ ಜಾಹೀರಾತು ಮೂಲವೃತ್ತಾಂತಕ್ಕಿಂತ ಹೆಚ್ಚು ಕಾಲ ಬಾಳುತ್ತದೆ ಎಂಬುದಕ್ಕೆ ಇದೊಂದು ನಿದರ್ಶನ.

ಮೊದಲ ಮಹಾಯುದ್ಧದ ನಂತರ ವರ್ಸೈ ಒಪ್ಪಂದವು ಜರ್ಮನಿಯಲ್ಲಿ ವಿಮಾನ ಎಂಜಿನ್ನುಗಳ ತಯಾರಿಕೆಯನ್ನು ನಿಷೇಧಿಸಿತು. ಸಂಸ್ಥೆಯ ಏಕೈಕ ಉತ್ಪನ್ನವೇ ಕಾನೂನುಬಾಹಿರವಾದಂತಾಯಿತು. ರೈಲ್ವೆ ಬ್ರೇಕುಗಳು, ಕೃಷಿ ಮತ್ತು ದೋಣಿಗಳ ಎಂಜಿನ್ನುಗಳು ಮುಂತಾದುವನ್ನು ತಯಾರಿಸುತ್ತ ಅದು ದಿನಗಳನ್ನು ದೂಡಿತು. 1923ರಲ್ಲಿ ಮಾಕ್ಸ್ ಫ್ರಿಟ್ಸ್ ಎಂಬ ವಿನ್ಯಾಸಕಾರನು ಆರ್32 ಎಂಬ ಮೋಟಾರು ಸೈಕಲ್ಲನ್ನು ರೂಪಿಸಿದನು. ಎರಡು ಸಿಲಿಂಡರುಗಳು ಅಡ್ಡಲಾಗಿ ಎದುರುಬದುರಾಗಿ ಮಲಗಿದ ಎಂಜಿನ್, ಹಿಂದಿನ ಗಾಲಿಗೆ ಸರಪಳಿಯ ಬದಲು ಶಾಫ್ಟಿನ ಮೂಲಕ ಚಾಲನೆ. ಈ ಎರಡು ಲಕ್ಷಣಗಳು ಆ ಸಂಸ್ಥೆಯ ಮೋಟಾರು ಸೈಕಲ್ಲುಗಳ ಗುರುತಾಗಿಯೇ ಉಳಿದವು. ಕಾರಿನ ಉದ್ಯಮಕ್ಕೆ ಅದು ಕಾಲಿಟ್ಟುದು 1928ರಲ್ಲಿ, ಐಸೆನಾಖ್ ಪಟ್ಟಣದ ಕಾರ್ಖಾನೆಯೊಂದನ್ನು ಕೊಂಡಾಗ. ಅಲ್ಲಿ ಇಂಗ್ಲೆಂಡಿನ ಆಸ್ಟಿನ್ ಸೆವೆನ್ ಕಾರು ಪರವಾನಗಿಯ ಮೇರೆಗೆ ಡಿಕ್ಸಿ ಎಂಬ ಹೆಸರಿನಲ್ಲಿ ತಯಾರಾಗುತ್ತಿತ್ತು. ಅನ್ಯರ ವಿನ್ಯಾಸದಿಂದ ಆರಂಭಿಸಿದ ಸಂಸ್ಥೆ, 1936ರಲ್ಲಿ ಬೆಳಕಿಗೆ ಬಂದ 328 ಮಾದರಿಯ ವೇಳೆಗೆ ಪಂದ್ಯಗಳಲ್ಲಿ ಗೆಲ್ಲುವ ಸ್ವಂತ ಕಾರನ್ನು ಹೊಂದಿತ್ತು.

ಹೆಸರಿನ ಖರ್ಚಿನ ಪುಟ

ಈ ಸಂಸ್ಥೆಯ ಕೀರ್ತಿಯನ್ನು ವರ್ಣಿಸುವವರು ಮರೆಯಬಾರದ ಪುಟವೊಂದಿದೆ. ನಾತ್ಸಿ ಆಡಳಿತದಲ್ಲಿ ಅದು ಮತ್ತೆ ವಿಮಾನ ಎಂಜಿನ್ನುಗಳ ಬೃಹತ್ ತಯಾರಕನಾಯಿತು. ಎರಡನೆಯ ಮಹಾಯುದ್ಧದ ಕೊನೆಯ ಹೊತ್ತಿಗೆ ಅದರ ದುಡಿಮೆಗಾರರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿ ಬಲವಂತವಾಗಿ ತಂದ ವಿದೇಶೀಯರು, ಯುದ್ಧಕೈದಿಗಳು ಮತ್ತು ಯಾತನಾ ಶಿಬಿರಗಳ ಬಂದಿಗಳಾಗಿದ್ದರು. ಮ್ಯೂನಿಕ್ ಬಳಿಯ ಆಲಾಖ್ ಕಾರ್ಖಾನೆಗೆ ಡಾಖೌ ಶಿಬಿರದ ಉಪಶಿಬಿರವೊಂದು ಹೊಂದಿಕೊಂಡಿತ್ತು. ಮುಂದೆ ಸಂಸ್ಥೆಯನ್ನು ಉಳಿಸಿದ ಕ್ವಾಂಟ್ ಕುಟುಂಬದ ಬ್ಯಾಟರಿ ಕಾರ್ಖಾನೆಗಳಲ್ಲಿಯೂ ಇದೇ ಸ್ಥಿತಿಯಿತ್ತು. ಈ ಕುರಿತು 2007ರಲ್ಲಿ ದೂರದರ್ಶನದ ಸಾಕ್ಷ್ಯಚಿತ್ರವೊಂದು ಪ್ರಶ್ನೆಗಳನ್ನೆತ್ತಿದ ನಂತರ ಕುಟುಂಬವು ತನ್ನ ದಾಖಲೆಗಳನ್ನು ಇತಿಹಾಸಕಾರ ಯೋಆಖಿಮ್ ಶೋಲ್ಟಿಸೆಕ್ ಅವರಿಗೆ ತೆರೆಯಿತು. ಅವರ ಅಧ್ಯಯನವು 2011ರಲ್ಲಿ ಪ್ರಕಟವಾಯಿತು. 2016ರಲ್ಲಿ ಶತಮಾನೋತ್ಸವವನ್ನು ಆಚರಿಸಿದಾಗ ಸಂಸ್ಥೆಯು ಈ ಯಾತನೆಗಾಗಿ ಬಹಿರಂಗವಾಗಿ ತೀವ್ರ ವಿಷಾದವನ್ನು ವ್ಯಕ್ತಪಡಿಸಿತು. ಅರ್ಧ ಶತಮಾನದ ಮೌನದ ಬಳಿಕವೂ ಈ ಬಾಕಿ ಲೆಕ್ಕದಿಂದ ಅಳಿಸಿಹೋಗಿರಲಿಲ್ಲ ಎಂಬುದು ಗಮನಾರ್ಹ.

ಯುದ್ಧ ಮುಗಿದಾಗ ಐಸೆನಾಖ್ ಕಾರ್ಖಾನೆಯು ಸೋವಿಯತ್ ವಲಯಕ್ಕೆ ಸೇರಿಹೋಗಿತ್ತು. ಮ್ಯೂನಿಕ್ಕಿನ ಯಂತ್ರಗಳನ್ನು ವಿಜೇತ ರಾಷ್ಟ್ರಗಳು ಕಳಚಿ ಒಯ್ದವು. ಉಳಿದ ಲೋಹದಿಂದ ಸಂಸ್ಥೆಯು ಅಡುಗೆಯ ಪಾತ್ರೆಗಳನ್ನು ತಯಾರಿಸಿ ಮಾರಿತು. ಇತ್ತ ಐಸೆನಾಖ್‌ನಲ್ಲಿ ಸೋವಿಯತ್ ಆಡಳಿತವು ಬಿ.ಎಂ.ಡಬ್ಲ್ಯು. ಹೆಸರಿನಲ್ಲೇ ಕಾರುಗಳನ್ನು ತಯಾರಿಸಿ ವಿದೇಶಗಳಿಗೆ ಕಳುಹಿಸುತ್ತಿತ್ತು! ಮ್ಯೂನಿಕ್ ಸಂಸ್ಥೆಯ ಬಳಿ ಆಗ ಮಾರಲು ಕಾರೇ ಇರಲಿಲ್ಲ. ಆದರೂ ಅದು ತನ್ನ ಹೆಸರಿಗಾಗಿ ಕಾನೂನಿನ ಹೋರಾಟ ನಡೆಸಿತು. ಕೊನೆಗೆ ಐಸೆನಾಖ್ ಕಾರ್ಖಾನೆಯು ಇ.ಎಂ.ಡಬ್ಲ್ಯು. ಎಂದು ಹೆಸರು ಬದಲಿಸಿಕೊಂಡು, ಲಾಂಛನದ ನೀಲಿಯ ಜಾಗದಲ್ಲಿ ಕೆಂಪನ್ನು ತುಂಬಬೇಕಾಯಿತು. ಸರಕಿಲ್ಲದ ಕಾಲದಲ್ಲಿಯೂ ಹೆಸರನ್ನು ಬಿಟ್ಟುಕೊಡದ ಈ ನಿರ್ಧಾರದ ಫಲ ಮುಂದೆ ಕಾಣಿಸಿತು.

ಮೇಲಿನ ಅಟ್ಟ, ಕೆಳಗಿನ ಮೆಟ್ಟಿಲು

1948ರಲ್ಲಿ ಮೋಟಾರು ಸೈಕಲ್ಲುಗಳ ತಯಾರಿಕೆ ಮತ್ತೆ ಆರಂಭವಾಯಿತು. ಯುದ್ಧಾನಂತರದ ಮೊದಲ ಕಾರಾದ 501 ಮಾದರಿಯನ್ನು ಸಂಸ್ಥೆಯು 1951ರಲ್ಲಿ ಪ್ರದರ್ಶಿಸಿತು. ಆರು ಸಿಲಿಂಡರಿನ, ಗುಂಡಗಿನ ಮೈಕಟ್ಟಿನ ಆ ಭಾರಿ ಕಾರಿನ ಬೆಲೆ 15,000 ಮಾರ್ಕುಗಳನ್ನು ಮೀರಿತ್ತು. ಯುದ್ಧದಿಂದ ಆಗತಾನೆ ಚೇತರಿಸಿಕೊಳ್ಳುತ್ತಿದ್ದ ದೇಶದಲ್ಲಿ ಅದನ್ನು ಕೊಳ್ಳಬಲ್ಲವರು ವಿರಳ. 1956ರಿಂದ ತಯಾರಾದ 507 ಎಂಬ ಕ್ರೀಡಾ ಕಾರು ಇಂದು ಸಂಗ್ರಾಹಕರ ಪಾಲಿಗೆ ಅಮೂಲ್ಯ ವಸ್ತು. ಆದರೆ ತಯಾರಿಕೆಯ ವೆಚ್ಚ ಲೆಕ್ಕಮೀರಿ ಏರಿದ ಕಾರಣ ಸುಮಾರು 250 ಕಾರುಗಳಷ್ಟೇ ಹೊರಬಂದವು.

ಇನ್ನೊಂದು ತುದಿಯಲ್ಲಿ, ಇಟಲಿಯ ಇಸೊ ಕಂಪನಿಯ ಪರವಾನಗಿಯಿಂದ 1955ರಲ್ಲಿ ಇಸೆಟ್ಟ ಎಂಬ ಪುಟ್ಟ ಗಾಡಿಯನ್ನು ಸಂಸ್ಥೆ ಹೊರತಂದಿತು. ಮುಂಭಾಗವೇ ಬಾಗಿಲಾಗಿ ತೆರೆದುಕೊಳ್ಳುವ, ಮೋಟಾರು ಸೈಕಲ್ಲಿನ ಒಂದೇ ಸಿಲಿಂಡರಿನ ಎಂಜಿನ್ ಹೊತ್ತ ಈ ಗಾಡಿಗಳು 1,60,000ಕ್ಕೂ ಮಿಕ್ಕಿ ತಯಾರಾದವು. ಆದರೆ ಅಗ್ಗದ ಸರಕಿನಲ್ಲಿ ಉಳಿಯುವ ಲಾಭಾಂಶ ತೆಳುವು. ಜನರ ವರಮಾನ ಏರಿದಂತೆ ಮೋಟಾರು ಸೈಕಲ್ಲುಗಳ ಬೇಡಿಕೆ ಕುಸಿಯಿತು. 1954ರಲ್ಲಿ ವರ್ಷಕ್ಕೆ 30,000ದ ಆಸುಪಾಸಿನಲ್ಲಿದ್ದ ಅವುಗಳ ತಯಾರಿಕೆ 1957ರಲ್ಲಿ 6,000ಕ್ಕೂ ಕೆಳಗಿಳಿಯಿತು. ಮೇಲೆ ಶ್ರೀಮಂತರ ಕಾರು, ಕೆಳಗೆ ಮೊಟ್ಟೆಯಾಕಾರದ ಗಾಡಿ. ಏಳಿಗೆ ಹೊಂದುತ್ತಿದ್ದ ಮಧ್ಯಮ ವರ್ಗದ ಗ್ರಾಹಕನು ಅಂಗಡಿಗೆ ಬಂದರೆ ಅವನಿಗೆ ತೋರಿಸಲು ಏನೂ ಇರಲಿಲ್ಲ.

ಈ ಕೊರತೆಯನ್ನು ಮೊದಲು ಮನಗಂಡವರು ಮಾರಾಟಗಾರರು. ಆಸ್ಟ್ರಿಯದಲ್ಲಿ ಸಂಸ್ಥೆಯ ಆಮದುದಾರನಾಗಿದ್ದ ವುಲ್ಫ್‌ಗಾಂಗ್ ಡೆನ್ಜೆಲ್, ಇಟಲಿಯ ವಿನ್ಯಾಸಕಾರ ಮಿಕೆಲೊಟ್ಟಿಯ ನೆರವಿನಿಂದ ಸಣ್ಣ ಕಾರೊಂದರ ಮಾದರಿಯನ್ನು ತಾನೇ ಮಾಡಿಸಿ 1958ರಲ್ಲಿ ಆಡಳಿತ ವರ್ಗದ ಮುಂದಿಟ್ಟನು. ಅದೇ 700 ಮಾದರಿಗೆ ಬುನಾದಿಯಾಯಿತು. ಎರಡು ಸಿಲಿಂಡರಿನ ಎಂಜಿನ್ನನ್ನು ಹಿಂಭಾಗದಲ್ಲಿ ಹೊಂದಿದ್ದ ಈ ಕಾರು 1959ರಲ್ಲಿ ಫ್ರಾಂಕ್‌ಫರ್ಟ್ ಪ್ರದರ್ಶನದಲ್ಲಿ ಕಾಣಿಸಿಕೊಂಡಾಗ ಬೇಡಿಕೆಗಳು ಧಾರಾಳವಾಗಿ ಬಂದವು. ಆದರೆ ಅವನ್ನು ಪೂರೈಸಲು ಬೇಕಾದ ಹಣ ಬೊಕ್ಕಸದಲ್ಲಿರಲಿಲ್ಲ.

ಡಿಸೆಂಬರ್ 9ರ ಸಭೆ

ಬಾಡಿದ ಲೆಕ್ಕಪತ್ರಗಳೊಡನೆ ಕರೆದ ಮಹಾಸಭೆಯಲ್ಲಿ ಆಡಳಿತವು ಇಟ್ಟ ಯೋಜನೆ ಹೀಗಿತ್ತು: ಇರುವ ಷೇರು ಬಂಡವಾಳವನ್ನು ಅರ್ಧಕ್ಕಿಳಿಸುವುದು; ಬಳಿಕ ಹೊರಡಿಸುವ ಹೊಸ ಷೇರುಗಳು ಹಳೆಯ ಷೇರುದಾರರಿಗೆ ದೊರೆಯದೆ ಡೈಮ್ಲರ್-ಬೆಂಜ್ ಬಣಕ್ಕೆ ಸೇರುವುದು. ಸಭೆಯ ಅಧ್ಯಕ್ಷತೆ ವಹಿಸಿದ್ದವರು ಡಾಯ್ಚ ಬ್ಯಾಂಕಿನ ಹಾನ್ಸ್ ಫೈತ್. ಅದೇ ಬ್ಯಾಂಕಿಗೆ ಡೈಮ್ಲರ್-ಬೆಂಜ್‌ನಲ್ಲಿಯೂ ದೊಡ್ಡ ಪಾಲಿತ್ತು. ಗ್ರಾಹಕರು ತಮ್ಮಲ್ಲಿ ಇರಿಸಿದ್ದ ಷೇರುಗಳ ಪರವಾಗಿ ಮತ ಚಲಾಯಿಸುವ ಅಧಿಕಾರ ಬ್ಯಾಂಕುಗಳಿಗಿದ್ದುದರಿಂದ ನಿರ್ಣಯದ ಅಂಗೀಕಾರ ಖಚಿತವೆಂದೇ ಭಾವಿಸಲಾಗಿತ್ತು. ಸಾಲದುದಕ್ಕೆ, ಡೈಮ್ಲರ್‌ನ ಕೊಡುಗೆಯ ಅವಧಿ ಅಂದಿನ ರಾತ್ರಿಗೇ ಮುಗಿಯುವುದೆಂದು ಸಾರಲಾಯಿತು.

ವರ್ತಕರಿಗೂ ಕಾರ್ಮಿಕರಿಗೂ ಇದರ ಅರ್ಥ ಸ್ಪಷ್ಟವಾಗಿತ್ತು. ಮ್ಯೂನಿಕ್ ಕಾರ್ಖಾನೆಯು ಡೈಮ್ಲರ್‌ಗೆ ದುಡಿಯುವ ಘಟಕವಾದರೆ ತಮ್ಮ ಅಂಗಡಿಯ ಮೇಲಿನ ಫಲಕಕ್ಕೆ ಬೆಲೆಯೆಲ್ಲಿ ಎಂಬ ಭೀತಿ ಅವರನ್ನು ಆವರಿಸಿತ್ತು. ಡಾರ್ಮ್‌ಸ್ಟಾಟ್ ಪಟ್ಟಣದ ಕಲ್ಲಿದ್ದಲು ವ್ಯಾಪಾರಿ ಎರಿಖ್ ನೋಲ್ಡ್ ಸಣ್ಣ ಷೇರುದಾರರ ಪರವಾಗಿ ದೀರ್ಘಕಾಲ ವಾದಿಸಿ ಸಭೆಯನ್ನು ಎಳೆದನು. ನಿರ್ಣಾಯಕ ಪೆಟ್ಟನ್ನು ಕೊಟ್ಟುದು ಫ್ರೀಡ್ರಿಖ್ ಮಾಥರ್ನ್ ಎಂಬ ವಕೀಲ. 700 ಮಾದರಿಯನ್ನು ರೂಪಿಸಿದ ವೆಚ್ಚವನ್ನು ಹಲವು ವರ್ಷಗಳಿಗೆ ಹಂಚುವ ಬದಲು ಒಂದೇ ವರ್ಷದ ಖರ್ಚಾಗಿ ಬರೆಯಲಾಗಿದೆ, ಆದುದರಿಂದ ನಷ್ಟವು ಇರುವುದಕ್ಕಿಂತ ಹಿರಿದಾಗಿ ತೋರುತ್ತಿದೆ ಎಂದು ಆತನು ತಖ್ತೆಯ ದೋಷವನ್ನೆತ್ತಿ ತೋರಿಸಿದನು. ಅಂತಹ ಆಕ್ಷೇಪವಿದ್ದಲ್ಲಿ ಶೇ. 10ರಷ್ಟು ಮತಗಳಿದ್ದರೂ ಸಭೆಯನ್ನು ಮುಂದೂಡಬಹುದೆಂಬುದು ಜರ್ಮನ್ ಕಾನೂನು. ಆ ಮತಗಳು ದೊರೆತವು. ಸಭೆ ಮುಂದೂಡಲ್ಪಟ್ಟಿತು, ಡೈಮ್ಲರ್‌ನ ಕೊಡುಗೆಯ ಗಡುವು ತೀರಿತು. ಬ್ಯಾಂಕುಗಳ ಒಟ್ಟು ಬಲವನ್ನು ಲೆಕ್ಕಪತ್ರದ ಒಂದು ಸಾಲನ್ನು ಸರಿಯಾಗಿ ಓದಬಲ್ಲ ಕಣ್ಣು ಸೋಲಿಸಿತು.

ಈ ಒಗ್ಗಟ್ಟನ್ನು ಕಂಡು ಮನಸ್ಸು ಬದಲಿಸಿದವರು ಉದ್ಯಮಿ ಹೆರ್ಬರ್ಟ್ ಕ್ವಾಂಟ್. ಬಾಲ್ಯದಿಂದಲೇ ದೃಷ್ಟಿ ಬಹುಮಟ್ಟಿಗೆ ಕುಂದಿದ್ದ ಅವರು ಎರಡೂ ಕಂಪನಿಗಳಲ್ಲಿ ಷೇರು ಹೊಂದಿದ್ದರು. ಕಾರ್ಮಿಕ ಮಂಡಳಿಯ ಮುಖಂಡ ಕುರ್ಟ್ ಗೋಲ್ಡ ಅವರೊಡನೆ ನಡೆದ ಮಾತುಕತೆಯೂ ಅವರ ಮೇಲೆ ಪ್ರಭಾವ ಬೀರಿತು. ಸಲಹೆಗಾರರು ಬೇಡವೆಂದರೂ ಅವರು ತಮ್ಮ ಪಾಲನ್ನು ಹೆಚ್ಚಿಸಿಕೊಂಡರು. 1960ರಲ್ಲಿ ಅಂಗೀಕಾರವಾದ ಹೊಸ ಯೋಜನೆಯಲ್ಲಿ ಹಳೆಯ ಷೇರುದಾರರಿಗೂ ಹೊಸ ಷೇರು ಕೊಳ್ಳುವ ಹಕ್ಕು ದೊರೆಯಿತು. ವಿಮಾನ ಎಂಜಿನ್ ವಿಭಾಗದ ಅರ್ಧ ಪಾಲನ್ನು ಎಂ.ಎ.ಎನ್. ಕಂಪನಿಗೆ ಮಾರಿ ನಗದು ಹೊಂದಿಸಲಾಯಿತು.

ನಡುವಿನ ಜಾಗವನ್ನು ತುಂಬಿದ ಕಾರು

ಸಭೆಯಲ್ಲಿ ಗೆದ್ದುದರಿಂದ ಸಂಸ್ಥೆಗೆ ಕಾಲಾವಕಾಶ ದೊರೆಯಿತು; ಬದುಕು ದೊರೆಯಬೇಕಾದುದು ಕಾರ್ಖಾನೆಯಿಂದಲೇ. 700 ಮಾದರಿಯ ಸುಮಾರು 1,88,000 ಕಾರುಗಳು ಮಾರಾಟವಾಗಿ ಮನೆಯ ಖರ್ಚನ್ನು ತೂಗಿಸಿದವು. 1961ರಲ್ಲಿ ಪ್ರದರ್ಶನಗೊಂಡ 1500 ಮಾದರಿಯು ಖಾಲಿಯಾಗಿದ್ದ ನಡುವಿನ ಜಾಗಕ್ಕೆ ನೇರವಾಗಿ ಬಂದು ನಿಂತಿತು. ನಾಲ್ಕು ಬಾಗಿಲು, ಕುಟುಂಬಕ್ಕೆ ಸಾಲುವಷ್ಟು ಸ್ಥಳ, ಆಲೆಕ್ಸ್ ಫಾನ್ ಫಾಲ್ಕೆನ್‌ಹೌಸೆನ್ ರೂಪಿಸಿದ 80 ಅಶ್ವಶಕ್ತಿಯ ಎಂಜಿನ್; ಕುಟುಂಬದ ಕಾರಿನಲ್ಲಿಯೇ ಚಾಲಕನಿಗೆ ವೇಗದ ಉಲ್ಲಾಸವನ್ನು ಕೊಡುವುದು ಅದರ ಗುರಿ. ಮೊದಲ ಕಾರುಗಳಲ್ಲಿ ಗೇರ್‌ಪೆಟ್ಟಿಗೆ ಮತ್ತು ಹಿಂದಿನ ಅಚ್ಚಿನ ದೋಷಗಳು ಕಂಡುಬಂದವು. ಅವನ್ನು ತಿದ್ದುತ್ತಲೇ ಸುಧಾರಿತ ಮಾದರಿಗಳು ಬಂದವು. ಮಾರಾಟ ವಿಭಾಗದ ಮುಖ್ಯಸ್ಥ ಪೌಲ್ ಹಾನೆಮಾನ್, ಇತರರು ಗಮನಿಸದ ಗ್ರಾಹಕರನ್ನು ಹುಡುಕಿ ಅವರಿಗಾಗಿಯೇ ಕಾರು ಮಾಡಬೇಕೆಂದು ಪಟ್ಟು ಹಿಡಿದು ದುಡಿದರು. 1963ರಲ್ಲಿ ಷೇರುದಾರರಿಗೆ ಮತ್ತೆ ಲಾಭಾಂಶ ಹಂಚಲಾಯಿತು.

1966ರ ಕೊನೆಯಲ್ಲಿ, ಬಿತ್ತನೆ ಯಂತ್ರಗಳಿಂದ ಆರಂಭಿಸಿ ಕಾರು ತಯಾರಿಕೆಗೆ ಬಂದಿದ್ದ ಗ್ಲಾಸ್ ಎಂಬ ಕುಟುಂಬ ಸಂಸ್ಥೆಯನ್ನು ಬಿ.ಎಂ.ಡಬ್ಲ್ಯು. ಕೊಂಡಿತು. ಅದರ ಡಿಂಗೋಲ್ಫಿಂಗ್ ಪಟ್ಟಣದ ನುರಿತ ಕೆಲಸಗಾರರು ಮುಂದಿನ ವಿಸ್ತರಣೆಗೆ ಆಧಾರವಾದರು. ನ್ಯೂಯಾರ್ಕಿನ ಆಮದುದಾರ ಮಾಕ್ಸ್ ಹಾಫ್‌ಮನ್ ಚಿಕ್ಕ ಕಾರಿಗೆ ದೊಡ್ಡ ಎಂಜಿನ್ ಬೇಕೆಂದು ಒತ್ತಾಯಿಸಿದುದು 1968ರ 2002 ಮಾದರಿಯ ಹುಟ್ಟಿಗೆ ಪ್ರೇರಣೆಯಾಯಿತು. ಅಮೆರಿಕದಲ್ಲಿ ಸಂಸ್ಥೆಯ ಕೀರ್ತಿಯನ್ನು ಕಟ್ಟಿದ ಕಾರು ಅದೇ. ದುಬಾರಿಯಾದ 507ಕ್ಕೂ ಇದೇ ಹಾಫ್‌ಮನ್ ಪ್ರೇರಕನಾಗಿದ್ದನೆಂಬುದನ್ನು ನೆನೆದರೆ, ವರ್ತಕನ ಮಾತನ್ನು ಕೇಳುವಾಗಲೂ ತಯಾರಿಕೆಯ ವೆಚ್ಚವನ್ನು ಉತ್ಪಾದಕನೇ ತೂಗಿ ನೋಡಬೇಕೆಂಬುದು ತಿಳಿಯುತ್ತದೆ.

ಬೇರೆಯವರ ಹೆಸರನ್ನು ಕೊಂಡಾಗ

ತನ್ನ ಹೆಸರನ್ನು ಕಾಪಾಡಿಕೊಂಡ ಸಂಸ್ಥೆಗೆ ಅನ್ಯರ ಹೆಸರನ್ನು ಮೇಲೆತ್ತುವುದು ಸುಲಭವಾಗಲಿಲ್ಲ. 1994ರಲ್ಲಿ ಅದು ಬ್ರಿಟನ್ನಿನ ರೋವರ್ ಕಂಪನಿಯನ್ನು 80 ಕೋಟಿ ಪೌಂಡುಗಳಿಗೆ ಕೊಂಡಿತು. ನಷ್ಟ ನಿಲ್ಲಲಿಲ್ಲ, 1999ರಲ್ಲಿ ಮುಖ್ಯಸ್ಥ ಬೆರ್ಂಟ್ ಪಿಶೆಟ್ಸ್‌ರೀಡರ್ ಅಧಿಕಾರ ತ್ಯಜಿಸಬೇಕಾಯಿತು. 2000ದಲ್ಲಿ ರೋವರ್ ಕಾರು ವಿಭಾಗವನ್ನು ಹೆಸರಿಗೆ ಮಾತ್ರ 10 ಪೌಂಡಿಗೆ ಮಾರಿ, ಲ್ಯಾಂಡ್ ರೋವರನ್ನು ಫೋರ್ಡ್ ಕಂಪನಿಗೆ ಕೊಟ್ಟು, ಮಿನಿ ಎಂಬ ಹೆಸರನ್ನು ಸಂಸ್ಥೆ ಉಳಿಸಿಕೊಂಡಿತು. ಆ ಮಿನಿ ಲಾಭದಾಯಕವಾಯಿತು. ಹೊಸ ಒಡೆಯರ ಕೈಯಲ್ಲಿದ್ದ ರೋವರ್ 2005ರಲ್ಲಿ ಮುಳುಗಿತು.

ನಮ್ಮ ನೆರೆಯಲ್ಲಿ

ಭಾರತದಲ್ಲಿ ಸಂಸ್ಥೆಯು 2007ರಲ್ಲಿ ಚೆನ್ನೈ ಸಮೀಪ ಕಾರು ಜೋಡಣೆಯ ಕಾರ್ಖಾನೆಯನ್ನು ತೆರೆಯಿತು. 2013ರಲ್ಲಿ ಟಿ.ವಿ.ಎಸ್. ಮೋಟಾರ್ ಕಂಪನಿಯೊಡನೆ ಮಾಡಿಕೊಂಡ ಒಪ್ಪಂದದ ಫಲವಾಗಿ ಬಿ.ಎಂ.ಡಬ್ಲ್ಯು. ಹೆಸರಿನ 310 ಸಿ.ಸಿ. ಮೋಟಾರು ಸೈಕಲ್ಲುಗಳು ನಮ್ಮ ಗಡಿಗೆ ಹೊಂದಿಕೊಂಡ ಹೊಸೂರಿನಲ್ಲಿ ತಯಾರಾಗಿ ವಿದೇಶಗಳಿಗೂ ರವಾನೆಯಾದವು. ತನ್ನ ಲಾಂಛನವನ್ನು ಮತ್ತೊಬ್ಬರ ಕಾರ್ಖಾನೆಯಲ್ಲಿ ಅಂಟಿಸಲು ಒಪ್ಪುವಾಗ ಹೆಸರಿನ ಒಡೆಯನು ಗುಣಮಟ್ಟದ ಹೊಣೆಯನ್ನು ಆ ಕಾರ್ಖಾನೆಯ ಮೇಲೂ, ಅದಕ್ಕೆ ಬಿಡಿಭಾಗ ಪೂರೈಸುವವರ ಮೇಲೂ ಹೊರಿಸಿರುತ್ತಾನೆ. ಬೊಲ್ಟು, ಎರಕ, ರಬ್ಬರಿನ ಭಾಗಗಳನ್ನು ತಯಾರಿಸಿ ದೊಡ್ಡ ಕಂಪನಿಗಳಿಗೆ ಒದಗಿಸುವ ನಮ್ಮ ಸಣ್ಣ ಘಟಕಗಳಿಗೆ ಈ ಹೊಣೆ ಅಪರಿಚಿತವಲ್ಲ.

1959ರಲ್ಲಿ ಬಿ.ಎಂ.ಡಬ್ಲ್ಯು. ಬಳಿ ಹಣವಿರಲಿಲ್ಲ, ಗ್ರಾಹಕನಿಗೆ ತಕ್ಕ ಕಾರೂ ಇರಲಿಲ್ಲ. ಹೆಸರನ್ನು ತಮ್ಮದೆಂದು ಭಾವಿಸಿದ ವರ್ತಕರು, ಕೆಲಸಗಾರರು ಮತ್ತು ಸಣ್ಣ ಹೂಡಿಕೆದಾರರು ಮಾತ್ರ ಇದ್ದರು. ಅವರು ಸಂಸ್ಥೆಗೆ ಗಳಿಸಿಕೊಟ್ಟುದು ಎರಡು ವರ್ಷಗಳ ಅವಕಾಶ. ಆ ಅವಕಾಶದಲ್ಲಿ ಸರಿಯಾದ ಸರಕನ್ನು ಸಿದ್ಧಪಡಿಸಿದುದರಿಂದಲೇ ಹೆಸರು ಉಳಿಯಿತು. ನಮ್ಮ ಉದ್ಯಮಗಳಲ್ಲಿಯೂ ವರ್ಷಾಂತ್ಯದ ತಖ್ತೆಗೆ ಸಹಿ ಹಾಕುವ ಮುನ್ನ, ಸಂಕಟದ ದಿನ ನಮ್ಮ ಪರವಾಗಿ ಸಭೆಯಲ್ಲಿ ಎದ್ದು ನಿಲ್ಲುವ ವರ್ತಕರೂ ಕೆಲಸಗಾರರೂ ಎಷ್ಟು ಮಂದಿ ಇದ್ದಾರೆಂದು ಒಮ್ಮೆ ಎಣಿಸಿಕೊಳ್ಳುವುದು ಲೇಸು.