ಕೆಲಸಕ್ಕೆ ಸೇರುವ ಮುನ್ನ ಮಾಲೀಕನನ್ನು ಅರಿಯುವುದು

ಮುಂಬಯಿ ಮಹಾನಗರವು ಅನೇಕ ತಲೆಮಾರುಗಳಿಂದ ಕರ್ನಾಟಕದ ಯುವಜನರಿಗೆ ಅನ್ನದ ದಾರಿಯಾಗಿದೆ. ದಕ್ಷಿಣ ಕನ್ನಡ ಮತ್ತು ಉಡುಪಿ ಜಿಲ್ಲೆಗಳಿಂದ ಹೋಟೆಲುಗಳಿಗೂ, ವಿಜಯಪುರ ಮತ್ತು ಕಲಬುರಗಿ ಕಡೆಯಿಂದ ಕಟ್ಟಡ ಕಾಮಗಾರಿಗಳಿಗೂ ಜನರು ಹೋಗಿ ನೆಲೆಸಿದ್ದಾರೆ. ಇಂದು ಅಂಧೇರಿಯ ಕಾರ್ಖಾನೆಗಳು, ಮಲಾಡಿನ ಕಚೇರಿಗಳು ಹಾಗೂ ಉಪನಗರಗಳ ಅಂಗಡಿ ಮಳಿಗೆಗಳು ಸಹ ಅವರನ್ನು ಕರೆಯುತ್ತಿವೆ. ಬಹುಪಾಲು ಮಾಲೀಕರು ನ್ಯಾಯವಾಗಿ ನಡೆದುಕೊಳ್ಳುವವರೇ ಆಗಿದ್ದರೂ, ಕೆಲವರಿಂದ ವಂಚನೆಗೊಳಗಾಗುವವರ ಕಷ್ಟ ಸಾಮಾನ್ಯವಾದುದಲ್ಲ. ಪರಊರಿನಲ್ಲಿ, ಮಾಲೀಕನೇ ಕೊಟ್ಟ ಕೋಣೆಯಲ್ಲಿ ವಾಸಿಸುವವನಿಗೆ ಕೆಲಸ ಹೋದ ದಿನವೇ ಆಸರೆಯೂ ಹೋಗುತ್ತದೆ. ಆದುದರಿಂದ ಮಾಲೀಕನ ಸ್ವಭಾವವನ್ನು ಸೇರಿದ ಮೇಲಲ್ಲ, ಸೇರುವ ಮೊದಲೇ ತಿಳಿಯುವುದು ಅವಶ್ಯಕ. ಹಣ, ಕಾಗದ ಮತ್ತು ಕಾಲ ಎಂಬ ಮೂರು ವಿಷಯಗಳಲ್ಲಿ ಆತ ನಡೆದುಕೊಳ್ಳುವ ರೀತಿಯೇ ಇದಕ್ಕೆ ಮುಖ್ಯ ಕುರುಹು.

ಕೆಲಸಕ್ಕಾಗಿ ಹಣ

ಕೆಲಸ ಕೊಡಿಸಲು ಹಣ ಕೇಳುವ ರೂಢಿ ಈ ನಗರಕ್ಕೆ ಹೊಸದಲ್ಲ. ಹತ್ತಿ ಗಿರಣಿಗಳ ಕಾಲದಲ್ಲಿ ಕಾರ್ಮಿಕರನ್ನು ನೇಮಿಸಿಕೊಳ್ಳುತ್ತಿದ್ದವನು ಜಾಬರ್ ಅಥವಾ ಮುಕಾದಮ. ಆತನಿಗೆ ಲಂಚ ಕೊಡದೆ ಕೆಲಸ ದೊರೆಯುವುದೂ ಉಳಿಯುವುದೂ ದುಸ್ತರವಾಗಿತ್ತು. ಕಾರ್ಮಿಕ ಸ್ಥಿತಿಗತಿಯನ್ನು ಪರಿಶೀಲಿಸಿದ ರಾಯಲ್ ಆಯೋಗವು 1931ರ ತನ್ನ ವರದಿಯಲ್ಲಿ ಈ ಪದ್ಧತಿಯನ್ನು ಖಂಡಿಸಿತು. ಜಾಬರನ ಹಿಡಿತವನ್ನು ಸಡಿಲಿಸುವ ಸಲುವಾಗಿ, 1935ರಲ್ಲಿ ಗಿರಣಿ ಮಾಲೀಕರ ಸಂಘವು ಬದಲಿ ಕಾರ್ಮಿಕರಿಗೆ ಕಾರ್ಡು ನೀಡುವ ವ್ಯವಸ್ಥೆಯನ್ನು ಜಾರಿಗೆ ತಂದಿತು.

ಗಿರಣಿಗಳು ಹೋದವು, ಆದರೆ ಜಾಬರನ ವಿದ್ಯೆ ಉಳಿದಿದೆ. ನೋಂದಣಿ ಶುಲ್ಕ, ತರಬೇತಿ ಶುಲ್ಕ, ಸಮವಸ್ತ್ರದ ಠೇವಣಿ ಎಂಬ ಹೊಸ ಹೆಸರುಗಳಲ್ಲಿ ಹಣ ಕೇಳಲಾಗುತ್ತದೆ. ಸಂಬಳ ಕೊಡಬೇಕಾದವನು ಮೊದಲೇ ಹಣ ಕೇಳಿದರೆ ಅಲ್ಲಿಗೇ ನಿಲ್ಲುವುದು ಉಚಿತ. ದೂರವಾಣಿಯ ಮೂಲಕ ಕೆಲಸದ ಆಸೆ ತೋರಿಸಿ ಹಣ ಪಡೆದು ವಂಚಿಸಿದಲ್ಲಿ, ತಡಮಾಡದೆ 1930 ಸಂಖ್ಯೆಗೆ ದೂರು ನೀಡಬಹುದು.

ಹಿಂದೆ ಊರಿನ ಹುಡುಗನೊಬ್ಬ ಮಾಟುಂಗಾದ ಹೋಟೆಲಿಗೆ ಸೇರುವಾಗ ನಡುವೆ ಪರಿಚಿತರೊಬ್ಬರು ಇರುತ್ತಿದ್ದರು. ಅನ್ಯಾಯವಾದರೆ ಊರಿನಲ್ಲಿ ಅವರು ಉತ್ತರ ಹೇಳಬೇಕಾಗುತ್ತಿತ್ತು. ದೂರವಾಣಿಯ ಸಂದೇಶದಿಂದ ಬಂದ ಕರೆಗೆ ಅಂತಹ ಹೊಣೆಗಾರರು ಇಲ್ಲ. ಪರಿಚಿತರು ಇದ್ದಾಗಲೂ, ಅವರು ಒಳ್ಳೆಯವರೆಂಬುದು ಮಾಲೀಕನ ಒಳ್ಳೆಯತನಕ್ಕೆ ಸಾಕ್ಷಿಯಾಗದು.

ಬರವಣಿಗೆಯಲ್ಲಿ ಇರಬೇಕಾದುದು

2025ರ ನವೆಂಬರ್ 21ರಂದು ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದವು. ಇವುಗಳ ಪ್ರಕಾರ ಕಾರ್ಮಿಕನಿಗೆ ನೇಮಕಾತಿ ಪತ್ರ ನೀಡುವುದು ಮಾಲೀಕನ ಕರ್ತವ್ಯ. ತಿಂಗಳ ಸಂಬಳವನ್ನು ಮುಂದಿನ ತಿಂಗಳ 7ನೆಯ ತಾರೀಖಿನೊಳಗೆ ಕೊಡಬೇಕು. ಕೆಲಸ ಬಿಟ್ಟಾಗ ಅಥವಾ ಬಿಡಿಸಿದಾಗ ಎರಡು ಕೆಲಸದ ದಿನಗಳಲ್ಲಿ ಬಾಕಿ ವೇತನ ಸಲ್ಲಬೇಕು. “ಮೊದಲು ಸೇರಿ, ಪತ್ರ ಆಮೇಲೆ ಕೊಡೋಣ” ಎಂಬ ಮಾತನ್ನು ಎಚ್ಚರಿಕೆಯ ಗಂಟೆಯೆಂದೇ ಭಾವಿಸಬೇಕು.

ಪತ್ರದಲ್ಲಿ ಹುದ್ದೆ, ಕೈಗೆ ಬರುವ ಸಂಬಳ, ಅದರಿಂದಾಗುವ ಕಡಿತ, ಕೆಲಸದ ವೇಳೆ, ವಾರದ ರಜೆ ಮತ್ತು ಬಿಡುವ ಮುನ್ನ ಕೊಡಬೇಕಾದ ಸೂಚನೆಯ ಅವಧಿ ಸ್ಪಷ್ಟವಾಗಿರಬೇಕು. ಊಟ ಮತ್ತು ವಸತಿ ಕೊಡುವುದಾದರೆ, ಅದಕ್ಕೆ ಹಣ ಹಿಡಿಯುವರೋ ಇಲ್ಲವೋ ಎಂಬುದನ್ನೂ ಕೇಳಬೇಕು. ಗುತ್ತಿಗೆದಾರನ ಮೂಲಕ ಸೇರುವವರು, ಸಂಬಳ ಕೊಡುವವನು ಯಾರೆಂಬುದನ್ನು ಮೊದಲೇ ತಿಳಿಯಬೇಕು. ಗುತ್ತಿಗೆದಾರನು ವೇತನ ಕೊಡದಿದ್ದಲ್ಲಿ ಮೂಲ ಮಾಲೀಕನೇ ಅದನ್ನು ಕೊಡಬೇಕೆಂದು ಕಾನೂನು ವಿಧಿಸುತ್ತದೆ; ಆದರೆ ಆ ಮೂಲ ಮಾಲೀಕನ ಹೆಸರು ಗೊತ್ತಿದ್ದರೆ ಮಾತ್ರ ಕೇಳಲು ಸಾಧ್ಯ.

ಶಾಲಾ ಪ್ರಮಾಣಪತ್ರ, ಪದವಿ ಪತ್ರಗಳ ಮೂಲ ಪ್ರತಿಗಳನ್ನು ಒತ್ತೆಯಿಡುವಂತೆ ಕೇಳುವ ಕಡೆ ಸೇರಬಾರದು. ಪರಿಶೀಲನೆಗೆ ತೋರಿಸಿ, ನಕಲನ್ನು ಮಾತ್ರ ಕೊಡಬೇಕು. ಪಾಸ್‌ಪೋರ್ಟ್ ಭಾರತ ಸರ್ಕಾರದ ಸ್ವತ್ತು. ಅದನ್ನು ಹಿಡಿದಿಟ್ಟುಕೊಳ್ಳುವ ಅಧಿಕಾರ ಖಾಸಗಿ ಮಾಲೀಕನಿಗಿಲ್ಲ.

ಇಷ್ಟು ವರ್ಷ ಕೆಲಸ ಬಿಡುವುದಿಲ್ಲವೆಂಬ ಮುಚ್ಚಳಿಕೆಯ ವಿಷಯದಲ್ಲಿ ತಪ್ಪು ತಿಳಿವಳಿಕೆ ವ್ಯಾಪಕವಾಗಿದೆ. ಅಂತಹ ಕರಾರು ಎಂದಿಗೂ ನಿಲ್ಲುವುದಿಲ್ಲವೆಂದು ಹಲವರು ನಂಬಿ ಸಹಿ ಹಾಕುತ್ತಾರೆ. ಆದರೆ ಸಾರ್ವಜನಿಕ ವಲಯದ ಬ್ಯಾಂಕೊಂದು ವಿಧಿಸಿದ್ದ ಮೂರು ವರ್ಷಗಳ ಸೇವೆ ಅಥವಾ 2 ಲಕ್ಷ ರೂಪಾಯಿಗಳ ಪಾವತಿ ಎಂಬ ಷರತ್ತನ್ನು ಸರ್ವೋಚ್ಚ ನ್ಯಾಯಾಲಯವು 2025ರಲ್ಲಿ ಎತ್ತಿಹಿಡಿಯಿತು. ಎಲ್ಲ ಮುಚ್ಚಳಿಕೆಗಳೂ ಹೀಗೆ ಊರ್ಜಿತವಾಗುತ್ತವೆ ಎಂದಲ್ಲ. ಆದರೂ ಓದದೆ ಸಹಿ ಹಾಕುವುದು ಅಪಾಯಕರ. ಖಾಲಿ ಕಾಗದಕ್ಕೆ ಅಥವಾ ಖಾಲಿ ಚೆಕ್ಕಿಗೆ ಸಹಿ ಹಾಕುವುದಂತೂ ಸರ್ವಥಾ ಸಲ್ಲದು.

ವಿಚಾರಿಸುವ ಮಾರ್ಗಗಳು

ಮುಂಬಯಿಯ ಅಂಗಡಿ ಮತ್ತು ಸಂಸ್ಥೆಗಳ ನೋಂದಣಿ ಪತ್ರವನ್ನು ಜನರು ‘ಗುಮಾಸ್ತಾ’ ಎಂದು ಕರೆಯುತ್ತಾರೆ. ಅದರಲ್ಲಿರುವ ಹೆಸರು, ವಿಳಾಸಗಳಿಗೂ ನೇಮಕಾತಿ ಪತ್ರದಲ್ಲಿರುವವುಗಳಿಗೂ ಹೊಂದಿಕೆಯಿದೆಯೇ ಎಂದು ನೋಡಬೇಕು. ಸಂಸ್ಥೆಯು ಭವಿಷ್ಯ ನಿಧಿಗೆ ಒಳಪಟ್ಟಿದ್ದಲ್ಲಿ ಇನ್ನೂ ಉತ್ತಮವಾದ ಸಾಕ್ಷ್ಯ ದೊರೆಯುತ್ತದೆ. ನೌಕರರ ಭವಿಷ್ಯ ನಿಧಿ ಸಂಘಟನೆಯ ಜಾಲತಾಣದಲ್ಲಿ ಸಂಸ್ಥೆಯ ಹೆಸರನ್ನು ಹುಡುಕಿದರೆ, ಯಾವ ತಿಂಗಳ ಹಣ ಸಂದಾಯವಾಗಿದೆ, ಎಷ್ಟು ನೌಕರರ ಪರವಾಗಿ ಸಂದಾಯವಾಗಿದೆ ಎಂಬ ವಿವರ ಕಾಣುತ್ತದೆ. ಇನ್ನೂರು ಮಂದಿ ಇದ್ದಾರೆಂದು ಹೇಳುವ ಸಂಸ್ಥೆ ಇಪ್ಪತ್ತೇ ಜನರ ಹಣ ಕಟ್ಟುತ್ತಿದ್ದರೆ, ಅಥವಾ ತಿಂಗಳುಗಟ್ಟಲೆ ಕಟ್ಟದೇ ಇದ್ದರೆ, ಕಾರಣ ಕೇಳುವುದು ನ್ಯಾಯವೇ ಸರಿ. ಹೊಸದಾಗಿ ಆರಂಭವಾದ ಅಥವಾ ಚಿಕ್ಕ ಸಂಸ್ಥೆಯ ಹೆಸರು ಅಲ್ಲಿ ಇಲ್ಲದಿರಬಹುದು. ಅಷ್ಟರಿಂದಲೇ ಅದನ್ನು ಕೆಟ್ಟದೆಂದು ತೀರ್ಮಾನಿಸಬಾರದು.

ಕಾಗದವು ಹೇಳದ್ದನ್ನು ಕೆಲಸಗಾರರು ಹೇಳುತ್ತಾರೆ. ಪಾಳಿ ಬಿಡುವ ವೇಳೆಗೆ ಕೆಲಸದ ಸ್ಥಳಕ್ಕೆ ಹೋಗಿ ಎರಡು ಪ್ರಶ್ನೆ ಕೇಳಿದರೆ ಸಾಕು: ಕಳೆದ ತಿಂಗಳ ಸಂಬಳ ಯಾವ ತಾರೀಖಿಗೆ ಬಂತು? ಇಲ್ಲಿ ಎಲ್ಲರಿಗಿಂತ ಹಳಬರು ಸೇರಿ ಎಷ್ಟು ವರ್ಷವಾಯಿತು? ಹಗಲು ಹೋಟೆಲಿನಲ್ಲಿ ದುಡಿದು, ಸಂಜೆ ರಾತ್ರಿಶಾಲೆಯಲ್ಲಿ ಕಲಿತ ಕನ್ನಡಿಗರು ಮುಂಬಯಿಯಲ್ಲಿ ಅನೇಕರಿದ್ದಾರೆ. ಹುಡುಗರನ್ನು ಶಾಲೆಯ ವೇಳೆಗೆ ಬಿಟ್ಟು ಕಳುಹಿಸಿದ ಮಾಲೀಕರಿಂದಲೇ ಅದು ಸಾಧ್ಯವಾಯಿತು. ಕೆಲಸಗಾರನ ಹೊತ್ತಿಗೆ ಬೆಲೆ ಕೊಡುವವನು ಇತರ ವಿಷಯಗಳಲ್ಲಿಯೂ ನ್ಯಾಯವಾಗಿರುವ ಸಂಭವ ಹೆಚ್ಚು. ಇದಕ್ಕೆ ವಿರುದ್ಧವಾಗಿ, ಸಂದರ್ಶನಕ್ಕೆ ಕರೆದು ಗಂಟೆಗಟ್ಟಲೆ ಕಾಯಿಸುವುದು, ಇಂದೇ ಒಪ್ಪಬೇಕೆಂದು ಅವಸರಪಡಿಸುವುದು, ಪರೀಕ್ಷಾರ್ಥವೆಂದು ವಾರಗಟ್ಟಲೆ ಸಂಬಳವಿಲ್ಲದೆ ದುಡಿಸುವುದು ಕೆಟ್ಟ ಲಕ್ಷಣಗಳು.

ವಿದೇಶದ ಕೆಲಸವಾದರೆ

ಕೊಲ್ಲಿ ರಾಷ್ಟ್ರಗಳಿಗೆ ಜನರನ್ನು ಕಳುಹಿಸುವ ಏಜೆಂಟರು ಮುಂಬಯಿಯಲ್ಲಿ ಬಹುಸಂಖ್ಯೆಯಲ್ಲಿದ್ದಾರೆ. 1983ರ ವಲಸೆ ಕಾಯಿದೆಯು ನೋಂದಣಿ ಪತ್ರವಿಲ್ಲದೆ ಈ ವ್ಯವಹಾರ ನಡೆಸುವುದನ್ನು ನಿಷೇಧಿಸಿತು. ನೋಂದಾಯಿತ ಏಜೆಂಟರ ಪಟ್ಟಿಯನ್ನು ವಿದೇಶಾಂಗ ಸಚಿವಾಲಯದ ‘ಇ-ಮೈಗ್ರೇಟ್’ ಜಾಲತಾಣದಲ್ಲಿ ಕಾಣಬಹುದು. ಈ ಕಾಯಿದೆಯ ನಿಯಮಗಳ ಮೇರೆಗೆ ಅವರು ಪಡೆಯಬಹುದಾದ ಸೇವಾ ಶುಲ್ಕದ ಮಿತಿ 30,000 ರೂಪಾಯಿ ಮತ್ತು ಅದರ ಮೇಲಿನ ತೆರಿಗೆ. ರಸೀದಿ ಕೊಡಲು ಹಿಂಜರಿಯುವವರನ್ನೂ, ಪ್ರವಾಸಿ ವೀಸಾದ ಮೇಲೆ ಹೋಗಿ ಅಲ್ಲಿ ಬದಲಿಸಿಕೊಳ್ಳಬಹುದೆನ್ನುವವರನ್ನೂ ನಂಬಬಾರದು.

ಉಪಸಂಹಾರ

ವಂಚನೆಗೊಳಗಾದವರು ಬಾಂದ್ರಾ-ಕುರ್ಲಾ ಸಂಕೀರ್ಣದ ಕಾಮಗಾರ್ ಭವನದಲ್ಲಿರುವ ಕಾರ್ಮಿಕ ಆಯುಕ್ತರ ಕಚೇರಿಗೂ, ಭವಿಷ್ಯ ನಿಧಿಯ ದೂರುಗಳಿಗಾಗಿ ಬಾಂದ್ರಾ ಪೂರ್ವದಲ್ಲಿರುವ ಭವಿಷ್ಯ ನಿಧಿ ಭವನಕ್ಕೂ ಹೋಗಬಹುದು. ಆಗ ನೆರವಿಗೆ ಬರುವುವು ಮೊದಲೇ ಕಾಯ್ದಿರಿಸಿಕೊಂಡ ಪತ್ರ, ರಸೀದಿ ಮತ್ತು ವೇತನ ಚೀಟಿಗಳೇ. ಅಗತ್ಯವುಳ್ಳವನಿಗೆ ಬಂದ ಕೆಲಸವನ್ನು ಬಿಡುವುದು ಸುಲಭವಲ್ಲ. ಆದರೆ ಪ್ರಶ್ನೆ ಕೇಳಲು ಖರ್ಚಿಲ್ಲ. ನ್ಯಾಯವಂತನಾದ ಮಾಲೀಕನು ಪ್ರಶ್ನೆಗಳಿಗೆ ಉತ್ತರ ಕೊಡುತ್ತಾನೆ. ಕೇಳಿದ್ದಕ್ಕೇ ಸಿಡಿಮಿಡಿಗೊಳ್ಳುವವನು ಮುಂದೆ ಹೇಗಿರುವನೆಂಬುದನ್ನು ಅಂದೇ ತಿಳಿಸಿಬಿಡುತ್ತಾನೆ.