ಕಾರ್ಖಾನೆ ನಿಂತರೂ ವಾಚು ನಿಂತಿಲ್ಲ

ಯಶವಂತಪುರದಿಂದ ಜಾಲಹಳ್ಳಿ ಕಡೆ ಬಸ್ಸು ಹಿಡಿಯುವವರಿಗೆ ಎಚ್‌ಎಂಟಿ ಅಂದರೇನು ಅಂತ ಹೇಳಿಕೊಡಬೇಕಿಲ್ಲ. 1953ರಲ್ಲಿ ಯಂತ್ರ ತಯಾರಿಸಲು ಹುಟ್ಟಿದ ಸಂಸ್ಥೆ, 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ನೆರವಿನಿಂದ ಕೈಗಡಿಯಾರಕ್ಕೂ ಕೈ ಹಾಕಿತು. ಮದುವೆ ಗಂಡಿನ ಕೈಗೆ ಎಚ್‌ಎಂಟಿ ಕಟ್ಟಿದರೆ ಮಾವನ ಮರ್ಯಾದೆ ಉಳಿಯುತ್ತಿದ್ದ ಕಾಲವದು.

ಆಮೇಲೆ ಕ್ವಾರ್ಟ್ಜ್ ಬಂತು, ಟೈಟಾನ್ ಬಂತು, ಹಿಂದೆಯೇ ನಷ್ಟವೂ ಬಂತು. 2016ರಲ್ಲಿ ವಾಚ್ ಕಂಪನಿ ಮುಚ್ಚಲು ಕೇಂದ್ರ ಸರ್ಕಾರ ಒಪ್ಪಿತು.

ಹಾಗಾದರೆ ಅಲ್ಲಿ ದುಡಿದವರ ಬೆವರು ನೀರಿಗೆ ಹೋಯಿತೆ? ಸಂಬಳವೇನೋ ಆಯಾ ತಿಂಗಳೇ ಖರ್ಚಾಯ್ತು. ಅವರು ಜೋಡಿಸಿದ ವಾಚು ಮಾತ್ರ ಕೀ ಕೊಟ್ಟರೆ ಇವತ್ತೂ ಟಿಕ್ ಟಿಕ್ ಅನ್ನುತ್ತೆ. ಲಾಭ ನಷ್ಟದ ಪುಸ್ತಕದಲ್ಲಿ ಈ ಜಮಾ ಬರೆಯೋಕೆ ಜಾಗವಿಲ್ಲ.

ಅಂಗಡಿಯವರೇ, ಸಂಜೆ ಗಲ್ಲಾ ಎಣಿಸುವಾಗ ಇದನ್ನೂ ಎಣಿಸಿ: ಇವತ್ತು ಕೊಟ್ಟ ಸರಕು ಗಿರಾಕಿ ಮನೆಯಲ್ಲಿ ಎಷ್ಟು ದಿನ ಬಾಳುತ್ತೆ?